ನಮ್ಮ ಸೂರಿಗೆ ಹಲಗೆ ಹೊಡೆದ ಮಹನೀಯರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ನಿಮಗೆ ನನ್ನ ನೆನಪಿರಲಿಕ್ಕಿಲ್ಲ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಟಾರು ರಸ್ತೆ ಬಿಟ್ಟು ಕೆಳಗಿಳಿದರೆ ತೋಟದ ಅಂಚಿಗೆ ಒಂದು ಹಂಚಿನ ಮನೆ. 2014ರ ಮೇ ಕೊನೆಯ ವಾರ ನೀವು ಒಂದು ಏಣಿ, ಒಬ್ಬ ಹುಡುಗ ಮತ್ತು ಅಪಾರ ಆತ್ಮವಿಶ್ವಾಸದ ಸಮೇತ ಅಲ್ಲಿಗೆ ಬಂದಿದ್ದಿರಿ. 3 ದಿನದಲ್ಲಿ ಮುಂಬದಿಯ ಸೂರಿನ 36 ಅಡಿ ಹಲಗೆ ಬದಲಾಯಿಸಿ, ನಾಲ್ಕನೆಯ ದಿನ ಬೆಳಗ್ಗೆ ಕಾಫಿ ಕುಡಿದು, ‘ಇನ್ನು ಇಪ್ಪತ್ತು ವರ್ಷ ನೀವು ತಲೆಯೆತ್ತಿ ನೋಡೋದು ಬೇಡ’ ಎಂದು ಹೇಳಿ ಹೊರಟಿರಿ. ಆಮೇಲೆ ನಿಮ್ಮ ಫೋನ್ ನಂಬರು ಬದಲಾಯಿತು. ವಿಚಾರಿಸಿದರೆ ಒಬ್ಬರು ಶಿಕಾರಿಪುರದಲ್ಲಿದ್ದಾರೆ ಅಂದರು, ಇನ್ನೊಬ್ಬರು ದುಬೈ ಅಂದರು. ಹಾಗಾಗಿ ನಮ್ಮಿಬ್ಬರಲ್ಲೇ ಮುಗಿಯಬೇಕಾದ ಮಾತನ್ನು ನಾಲ್ಕು ಜನರ ಎದುರು ಆಡಬೇಕಾಗಿ ಬಂದಿದೆ. ಬೇಜಾರು ಮಾಡಿಕೊಳ್ಳಬೇಡಿ.

ದೂರಲಿಕ್ಕೆ ಬರೆಯುತ್ತಿಲ್ಲ, ಋಣ ತೀರಿಸಲಿಕ್ಕೆ ಬರೆಯುತ್ತಿದ್ದೇನೆ. ಸೂರಿನ ಹಲಗೆಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ನಿಮ್ಮಿಂದ ಬಂದ ವಿದ್ಯೆ. ಅಜ್ಜ ಹೊಡೆಸಿದ ಹಲಗೆ 60 ವರ್ಷಕ್ಕೂ ಮೇಲ್ಪಟ್ಟು ಅಲ್ಲೇ ಇತ್ತು. ಅದರ ಕೆಳಗೇ ಹುಟ್ಟಿ ಬೆಳೆದ ನಾನು ಒಂದು ದಿನವೂ ಅದನ್ನು ನೋಡಿರಲಿಲ್ಲ, ನೋಡುವಂಥ ತಪ್ಪನ್ನು ಅದು ಮಾಡಿರಲಿಲ್ಲ. ನಿಮ್ಮದನ್ನು ಎರಡನೆಯ ಮಳೆಗಾಲದಿಂದ ದಿನಾ ನೋಡಿದೆ. ಬೆಳಗ್ಗೆ ಎದ್ದು ಅಂಗಳಕ್ಕೆ ಬಂದರೆ ಮೊದಲ ದರ್ಶನ ಸೂರ್ಯನದ್ದಲ್ಲ, ನಿಮ್ಮ ಎರಡನೆಯ ಸಂದಿನದ್ದು.

ತಾರಸಿ ಮನೆಯಲ್ಲಿ ಹುಟ್ಟಿದವರೂ ಈ ಪತ್ರ ಓದಬಹುದು. ಅವರಿಗಾಗಿ ಸ್ವಲ್ಪ ಹೇಳುತ್ತೇನೆ, ನೀವು ಬೇಕಾದರೆ ಈ ಭಾಗ ಬಿಟ್ಟು ಮುಂದೆ ಹೋಗಿ. 2014ರಲ್ಲೂ ಬಿಟ್ಟೇ ಮುಂದೆ ಹೋಗಿದ್ದಿರಿ. ಮಾಡಿನ ಪಕಾಸುಗಳು ಗೋಡೆ ದಾಟಿ ಎರಡು, ಎರಡೂವರೆ ಅಡಿ ಹೊರಗೆ ಚಾಚಿಕೊಂಡಿರುತ್ತವಲ್ಲ, ಆ ತುದಿಗಳಿಗೆ ಅಡ್ಡಲಾಗಿ ಈ ಮೂಲೆಯಿಂದ ಆ ಮೂಲೆಗೆ ಹೊಡೆಯುವ ಉದ್ದ ಹಲಗೆ ಇದು. ಏಳೆಂಟು ಇಂಚು ಅಗಲ, ಒಂದು ಇಂಚು ದಪ್ಪ. ದೂರದಿಂದ ನೋಡಿದರೆ ಸೀರೆಗೆ ಅಂಚಿದ್ದ ಹಾಗೆ, ಬರೀ ಚೆಂದಕ್ಕೆ ಅನ್ನಿಸುತ್ತದೆ. ಆದರೆ ಮರ ನೀರು ಕುಡಿಯುವುದು ಮೈಯಿಂದಲ್ಲ, ಕೊಯ್ದ ತುದಿಯಿಂದ. ಬದುಕಿದ್ದಾಗ ಬೇರಿನಿಂದ ನೆತ್ತಿಗೆ ನೀರೆಳೆಯುತ್ತಿದ್ದ ಸಣ್ಣ ಸಣ್ಣ ಕೊಳವೆಗಳೆಲ್ಲ ಅಲ್ಲಿ ಬಾಯಿ ಬಿಟ್ಟುಕೊಂಡಿರುತ್ತವೆ. ಮರ ಸತ್ತರೂ ಅವಕ್ಕೆ ಆ ಅಭ್ಯಾಸ ಹೋಗುವುದಿಲ್ಲ. ಪಕಾಸಿನ ಆ ತುದಿಗಳನ್ನು ಮಳೆಯಿಂದ ಮರೆಮಾಡುವುದು ಈ ಹಲಗೆ. ಒಂದೊಂದೂ ಒಂದೊಂದು ದಿಕ್ಕಿಗೆ ತಿರುಚಿಕೊಳ್ಳಲು ನೋಡುವ ಪಕಾಸುಗಳನ್ನು ಸಾಲಿನಲ್ಲಿ ಹಿಡಿದಿಡುವುದೂ ಇದೇ.

ಇನ್ನೊಂದು ಕೆಲಸವಿದೆ, ಅದು ನನಗೆ ಗೊತ್ತಾದದ್ದು ತೀರ ತಡವಾಗಿ. ಮಾಡಿನ ಪ್ರತಿ ಹಂಚೂ ತನ್ನ ಕೆಳಗಿನ ಹಂಚಿನ ತಲೆಯ ಮೇಲೆ ಕೂರುತ್ತದೆ. ಕಟ್ಟಕಡೆಯ ಸಾಲಿಗೆ ಕೆಳಗೆ ಯಾರಿದ್ದಾರೆ? ಹಲಗೆಯೇ ಗತಿ. ಅದರ ಮೇಲಂಚು, ಹಂಚು ಕೂರುವ ರೀಪಿಗಿಂತ ಒಂದು ಹಂಚಿನ ದಪ್ಪದಷ್ಟು ಎತ್ತರ ನಿಂತು ಆ ಸಾಲನ್ನು ಎತ್ತಿ ಹಿಡಿಯಬೇಕು. ಇಲ್ಲದಿದ್ದರೆ ಕೊನೆಯ ಹಂಚು ಮುಗ್ಗರಿಸುತ್ತದೆ, ಮೇಲಿನ ಸಾಲಿಗೂ ಅದಕ್ಕೂ ನಡುವೆ ಬಾಯಿ ಬಿಡುತ್ತದೆ. ನೀವು ಹಲಗೆಯನ್ನು ರೀಪಿನ ಮಟ್ಟಕ್ಕೆ ಸರಿಸಮ ಹೊಡೆದಿರಿ. ಹಂಚು ಮೂತಿ ಕೆಳಗೆ ಮಾಡಿದಾಗ ಅಡಿಗೆ ಅಡಿಕೆ ದಬ್ಬೆಯ ಚೂರು ಕೊಟ್ಟು ಎತ್ತಿದಿರಿ. ಆ ಚೂರುಗಳು ಎರಡು ಮಳೆಗಾಲ ನಿಯತ್ತಿನಿಂದ ದುಡಿದವು.

ಹಂಚು ಅಂದಾಗ ನೆನಪಾಯಿತು. ಕೆಳಗಿಳಿಸಿದ ಒಂದು ಹಂಚನ್ನು ಮಗುಚಿ ಅದರ ಬೆನ್ನಿನ ಮೇಲಿದ್ದ 1865 ಎಂಬ ಅಂಕಿ ಓದಿ, ‘ನೋಡೋ, ಬ್ರಿಟಿಷರ ಕಾಲದ ಮನೆ ಇದು’ ಎಂದು ಹುಡುಗನಿಗೆ ಇತಿಹಾಸ ಹೇಳಿಕೊಟ್ಟಿರಿ. ನಾನು ಜಗುಲಿಯಲ್ಲಿ ಕೂತು ಹೆಮ್ಮೆಯಿಂದ ಕೇಳಿಸಿಕೊಂಡೆ, ತಿದ್ದಲಿಲ್ಲ. ಅದು ಮನೆಯ ವಯಸ್ಸಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ವರ್ಷ. ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ಶುರುಮಾಡಿದ್ದು. ಆ ಇಸವಿಯನ್ನು ಅವರು ಎಷ್ಟೋ ಕಾಲ ಹಂಚಿನ ಮೇಲೆ ಒತ್ತುತ್ತಲೇ ಇದ್ದರು. ಅಜ್ಜ ಮನೆ ಕಟ್ಟಿಸಿದ್ದು ಅದಾಗಿ ಎಷ್ಟೋ ಮೇಲೆ. ಆದರೆ ಆ ಕಾರ್ಖಾನೆಗೂ ನಿಮ್ಮ ಹಲಗೆಗೂ ಸಂಬಂಧವಿದೆ. ಅದಕ್ಕೆ ಮೊದಲಿನ ಕೈಹಂಚು ಒಂದರಂತೆ ಇನ್ನೊಂದಿರುತ್ತಿರಲಿಲ್ಲ. ಸೂರು ಸೊಟ್ಟಗಿದ್ದರೆ ಅದೂ ಸೊಟ್ಟಗೆ ಕೂತು ಹೊಂದಿಕೊಳ್ಳುತ್ತಿತ್ತು. ಮಂಗಳೂರು ಹಂಚು ಒಂದೇ ಅಚ್ಚಿನಿಂದ ಬಿದ್ದದ್ದು, ಪಕ್ಕದ ಹಂಚಿನ ತೋಡಿಗೆ ಸಿಕ್ಕಿಕೊಂಡು ಕೂರುವಂಥದ್ದು. ಅದಕ್ಕೆ ದಾಕ್ಷಿಣ್ಯವಿಲ್ಲ. ಹಲಗೆ ಎಲ್ಲಿ ಜೋತಿದೆಯೋ ಅಲ್ಲಿ ಸಾಲೇ ಬಾಯಿಬಿಟ್ಟು ಊರಿಗೆಲ್ಲ ಹೇಳುತ್ತದೆ. ನಿಮ್ಮದು ನಡುವೆ ಮುಕ್ಕಾಲು ಇಂಚು ಜೋತಿತ್ತು. ಮೂಲೆಯಿಂದ ಮೂಲೆಗೆ ಒಂದು ನೂಲು ಎಳೆದು ಕಟ್ಟಿದ್ದರೆ ಅಲ್ಲೇ ಕಾಣುತ್ತಿತ್ತು. ನೂಲು ನಿಮ್ಮ ಹತ್ತಿರ ಇರಲಿಲ್ಲ ಎನ್ನಲಾರೆ; ಅದರಲ್ಲಿ ನೀವು ಬೈಕಿನ ಕೀ ಕಟ್ಟಿಕೊಂಡಿದ್ದಿರಿ.

ಮರ ಅಕೇಶಿಯಾ. ಅದನ್ನು ಬಯ್ಯುವುದು ಮಲೆನಾಡಿನಲ್ಲಿ ಈಗ ಸಂಪ್ರದಾಯವಾದ್ದರಿಂದ ನಾನು ಬಯ್ಯುವುದಿಲ್ಲ. ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯಿಂದ ಬಂದ ಮರ. ಕಾಡೆಂದು ಹೇಳಿ ನಮ್ಮ ಗುಡ್ಡಗಳ ತುಂಬ ನೆಟ್ಟರು. ಚೆನ್ನಾಗಿ ಒಣಗಿಸಿ ಬಳಸಿದರೆ ಬಾಗಿಲಿಗೂ ಆದೀತು, ಮೇಜಿಗೂ ಆದೀತು. ನೀವು ಹೊಡೆದದ್ದು ಮಿಲ್ಲಿನಲ್ಲಿ ಕೊಯ್ದು ವಾರವೂ ಆಗಿರದ ಹಲಗೆ. ಮೊಳೆ ಹೊಡೆದ ಕಡೆ ನೀರು ಜಿನುಗಿದ್ದನ್ನು ನಾನೇ ನೋಡಿದೆ. ಹಸಿ ಮರ ಒಣಗುವಾಗ ಉದ್ದದಲ್ಲಿ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು. ಅಗಲದಲ್ಲಿ ಮಾತ್ರ ಚೆನ್ನಾಗಿ ಕುಗ್ಗುತ್ತದೆ, ಅದೂ ಎರಡು ಮೈಯಲ್ಲಿ ಒಂದೇ ಸಮ ಅಲ್ಲ. ಅದಕ್ಕೇ ಹಲಗೆ ತೊಗಟೆಯಿದ್ದ ಕಡೆಗೆ ದೊನ್ನೆಯಂತೆ ಬಗ್ಗುವುದು. ತೊಗಟೆಯ ಕಡೆಯನ್ನು ಒಳಗೆ ಮಾಡಿ, ತಿರುಳಿನ ಕಡೆಯನ್ನು ಹೊರಗೆ ಮಾಡಿ ಹೊಡೆದರೆ ಬಗ್ಗಿದರೂ ಎರಡು ಅಂಚುಗಳು ಪಕಾಸನ್ನೇ ಕಚ್ಚಿ ಹಿಡಿಯುತ್ತವೆ. ನೀವು ಒಂದನ್ನು ಹಾಗೆ, ಒಂದನ್ನು ಹೀಗೆ, ಮೂರನೆಯದನ್ನು ಮತ್ತೆ ಹಾಗೆ ಹೊಡೆದು ಎರಡು ಪಕ್ಷಕ್ಕೂ ನ್ಯಾಯ ಒದಗಿಸಿದಿರಿ.

ಈಗ ಸಂದಿಗೆ ಬರೋಣ. ಪತ್ರಕ್ಕೆ ಕೂತದ್ದೇ ಅದಕ್ಕಾಗಿ.

36 ಅಡಿ ಉದ್ದ ಒಂದೇ ತುಂಡಿನಲ್ಲಿ ಸಿಗುವುದು ಅಪರೂಪ. 12 ಅಡಿಯ 3 ಹಲಗೆ, 2 ಸಂದು. ಅಜ್ಜನ ಕಾಲದ ಹಲಗೆಯಲ್ಲೂ ಸಂದುಗಳಿದ್ದವು. ಅವು ನನ್ನ ಕಣ್ಣಿಗೆ ಬಿದ್ದದ್ದು ನೀವು ಕಿತ್ತು ಅಂಗಳಕ್ಕೆ ಎಸೆದ ಮೇಲೆ. ಹಲಗೆಯ ಮೇಲಂಚು ಪೂರ್ತಿ ಲಡ್ಡಾಗಿತ್ತು, ಬದಲಾಯಿಸಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂದು ಬಿಟ್ಟಿರಲಿಲ್ಲ. ಎರಡು ಹಲಗೆಯ ತುದಿಗಳನ್ನು ಓರೆಯಾಗಿ ಕೊಯ್ದು, ಒಂದರ ನಾಲಗೆ ಇನ್ನೊಂದರ ಮೇಲೆ ಮಲಗುವಂತೆ ಕೂಡಿಸಿದ್ದರು. ಕೈಯಿಂದ ಎಳೆದೆ, ಬರಲಿಲ್ಲ. ಅಮ್ಮ ಅದನ್ನು ಬಚ್ಚಲ ಒಲೆಗೆ ಹಾಕಿದಾಗ ಎರಡು ತುಂಡೂ ಒಂದಾಗಿಯೇ ಉರಿದವು.

ನೀವು ಹಲಗೆಯ ಮೂತಿಗೆ ಮೂತಿ ತಾಗಿಸಿದಿರಿ. ಅದೂ ಪಕಾಸಿನ ತುದಿಯ ಮೇಲಲ್ಲ, ಎರಡು ಪಕಾಸುಗಳ ನಡುವೆ, ಗಾಳಿಯಲ್ಲಿ. ಅಜ್ಜನ ಪಕಾಸುಗಳು ಸ್ಕೇಲಿಟ್ಟ ಹಾಗೆ ಸಮಾನ ಅಂತರದಲ್ಲಿಲ್ಲ. 12 ಅಡಿ ಎಲ್ಲಿಗೆ ಮುಗಿಯಿತೋ ಅಲ್ಲಿ ಪಕಾಸಿರಲಿಲ್ಲ, ಅದು ಇನ್ನೂ 9 ಇಂಚು ಹಿಂದಿತ್ತು. 9 ಇಂಚು ಕೊಯ್ದು ಬಿಸಾಡಿದ್ದರೆ ಸಂದಿಗೆ ಒರಗಿಕೊಳ್ಳಲು ಬೆನ್ನು ಸಿಗುತ್ತಿತ್ತು. ನೀವು 9 ಇಂಚು ಉಳಿಸಿದಿರಿ. ಸಂದಿನ ಹಿಂದೆ ಒಂದು ಚೂರು ಪಟ್ಟಿಯನ್ನೂ ಕೊಡದೆ, ಮೇಲಿಂದ ಲಪ್ಪ ಮೆತ್ತಿ, ‘ಈಗ ಎಲ್ಲಿದೆ ಹುಡುಕಿ ನೋಡುವಾ’ ಎಂದು ನನಗೆ ಸವಾಲು ಹಾಕಿದಿರಿ. ನಾನು ಹುಡುಕಿದೆ, ಸಿಗಲಿಲ್ಲ, ಸೋಲೊಪ್ಪಿದೆ. ಕೊಯ್ದ ತುದಿಗಳಿಗೆ ಎಣ್ಣೆಯಿಲ್ಲ, ಪ್ರೈಮರ್ ಇಲ್ಲ. ಹಿಂಬದಿಗೆ ಬಣ್ಣವೇ ಇಲ್ಲ. ಮುಂದೆ ಮಾತ್ರ ಎರಡು ಕೋಟು ಕಾಫಿಪುಡಿ ಬಣ್ಣ. ಮದುವೆ ಮನೆಗೆ ಹೊರಟವರು ಮುಖಕ್ಕೆ ಮಾತ್ರ ಪೌಡರ್ ಹಾಕಿಕೊಳ್ಳುವುದಿಲ್ಲವೇ.

ಆಗುಂಬೆ ನಮಗೆ ದೂರವಲ್ಲ. ಅಲ್ಲಿ ವರ್ಷಕ್ಕೆ ಸುಮಾರಾಗಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮಲ್ಲಿ ಅಷ್ಟು ಬೀಳುವುದಿಲ್ಲ, ಆದರೆ ನಿಮ್ಮ ಸಂದಿಗೆ ಅಷ್ಟು ಬೇಕಾಗಿಯೂ ಇರಲಿಲ್ಲ. ಮೊದಲ ವರ್ಷದ ಬೇಸಿಗೆಗೆ ಹಲಗೆ ಒಣಗಿತು, ಬಗ್ಗಿತು, ಲಪ್ಪ ಉದುರಿತು, ಸಂದಿನಲ್ಲಿ ಬೆಳಕು ಕಂಡಿತು. ಎರಡನೆಯ ವರ್ಷ ಆರಿದ್ರಾ ಮಳೆ ಹಿಡಿದಾಗ ಸೂರಿನ ನೀರು ಅಂಗಳಕ್ಕೆ ಬೀಳುವ ಬದಲು ಸಂದಿನಲ್ಲಿ ಒಳಹೊಕ್ಕು, ಪಕಾಸಿನ ತುದಿಗಳನ್ನು ನೆನೆಸಿತು. ಮೂರನೆಯ ವರ್ಷ ನಿಮ್ಮ ಕಬ್ಬಿಣದ ಮೊಳೆಗಳು ಅಳತೊಡಗಿದವು. ಪ್ರತಿ ಮೊಳೆಯ ಕೆಳಗೂ ಒಂದು ಕಪ್ಪು ಗೆರೆ. ಮರದ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಹಾಕಿ ಹಿಂದಿನವರು ಶಾಯಿ ಮಾಡುತ್ತಿದ್ದದ್ದು ಇದೇ ವಿದ್ಯೆಯಿಂದ. ನೀವು ನಮ್ಮ ಸೂರಿನುದ್ದಕ್ಕೂ ಬರೆದು ಹೋಗಿದ್ದಿರಿ, ಓದಲು ನಮಗೆ ಮೂರು ವರ್ಷ ಹಿಡಿಯಿತು.

ನಾಲ್ಕನೆಯ ವರ್ಷ ಅಣಬೆ ಎದ್ದಿತು. ಮರದಲ್ಲಿ ನೀರಿನ ಪಾಲು ಶೇಕಡ 20 ದಾಟಿ ಹಾಗೇ ನಿಂತರೆ ಬೂಷ್ಟಿಗೆ ಅನ್ನ ಸಿಕ್ಕ ಹಾಗೆ. ಮುಂದಿನ ಬಣ್ಣ ನೀರನ್ನು ಒಳಗೆ ಬರದಂತೆ ತಡೆಯಲಿಲ್ಲ, ಹಿಂದಿನಿಂದ ಬಂದದ್ದನ್ನು ಹೊರಗೆ ಹೋಗದಂತೆ ಮಾತ್ರ ಕಾದಿತು. ಅಣಬೆ ಕಿವಿಯಾಕಾರದ್ದು, ಗಟ್ಟಿ, ಒಂದರ ಮೇಲೊಂದು ಮೂರು. ಅಮ್ಮ ಜಗುಲಿಯಿಂದ ತಲೆಯೆತ್ತಿ ನೋಡಿ, ‘ಹೆಗ್ಗಾಲಣಬೆ ಆಗಿದ್ದರೆ ಸಾರಾದ್ರೂ ಮಾಡಬಹುದಿತ್ತು’ ಎಂದರು. ನಿಮ್ಮ ಕೆಲಸದ ಬಗ್ಗೆ ನಮ್ಮ ಮನೆಯಲ್ಲಿ ಕೇಳಿಬಂದ ಅತ್ಯಂತ ಮೃದುವಾದ ಟೀಕೆ ಇದು.

ಆಮೇಲೆ ದುಂಬಿಗಳು ಬಂದವು, ಮರ ಕೊರೆಯುವ ದೊಡ್ಡ ಕಪ್ಪು ದುಂಬಿ. ಹಲಗೆಯ ಅಡಿಯಂಚಿಗೆ ಅವು ಕೊರೆದ ತೂತುಗಳನ್ನು ನೀವು ನೋಡಬೇಕಿತ್ತು. ಬೆರಳು ಹೋಗುವಷ್ಟು ಅಗಲ, ಬಳೆಯಷ್ಟು ದುಂಡು, ಒಳಗೆ ಹೋಗಿ ನೆಟ್ಟಗೆ ನಾರಿನ ಜೊತೆ ತಿರುಗುತ್ತವೆ. ಬೈರಿಗೆಯಿಲ್ಲ, ಮೂಲೆಮಟ್ಟವಿಲ್ಲ, ಮುಂಗಡವಿಲ್ಲ. ಬೆಳಗ್ಗೆ ಜಗುಲಿಯ ಕೆಳಗೆ ಹಳದಿ ಹುಡಿ ಬಿದ್ದಿರುತ್ತಿತ್ತು. ಆ 36 ಅಡಿಯಲ್ಲಿ ಅಳತೆಗೆ ಸರಿಯಾಗಿ ನಡೆದ ಕೆಲಸವೆಂದರೆ ಅದೊಂದೇ.

ಈ ವರ್ಷ ಮಾರ್ಚಿನಲ್ಲಿ ಹಂಚು ಕೈಯಾಡಿಸಲು ಬಂದವರು ಏಣಿಯಿಂದಲೇ ವಾಪಸು ಇಳಿದರು. ಸೂರು ಗಟ್ಟಿಯಾಗದೆ ಹತ್ತುವುದಿಲ್ಲ ಎಂದರು. ಆಗ ಪಕ್ಕದೂರಿನ ವಯಸ್ಸಾದ ಆಚಾರ್ರೊಬ್ಬರನ್ನು ಕರೆಸಿದೆ. ಅವರು ಕೆಳಗಿನ ಎರಡು ಸಾಲು ಹಂಚು ಇಳಿಸಿ, ನಿಮ್ಮ ಹಲಗೆಗೆ ಕೈ ಹಾಕಿದರು. ಮೀಟುಗೋಲು ಬೇಕಾಗಲಿಲ್ಲ. ದೋಸೆ ಎಬ್ಬಿಸಿದ ಹಾಗೆ ಎದ್ದು ಬಂತು. ‘ಎಂತ ಮಾರಾಯ್ರೆ ಇದು! ಯಾರು ಮಾಡಿದ್ದು?’ ಎಂದರು. ನಾನು ನಿಮ್ಮ ಹೆಸರು ಹೇಳಿದೆ. ಹೇಳುವಾಗ ನನ್ನ ದನಿಯಲ್ಲಿ ಸಾತ್ವಿಕ ಸಿಟ್ಟು ಚೆನ್ನಾಗಿಯೇ ಇತ್ತು ಎಂದು ನನ್ನ ನೆನಪು.

4 ಪಕಾಸುಗಳ ತುದಿ ಕೈಯಲ್ಲಿ ಹಿಸುಕಿದರೆ ಪುಡಿಯಾಗುವಂತಿತ್ತು. ಹಿಸುಕಿ ತೋರಿಸಿದರು ಕೂಡ. ಕೊಳೆತಷ್ಟನ್ನು ಕೊಯ್ದು, ಪಕ್ಕಕ್ಕೆ ಎರಡೆರಡು ಅಡಿಯ ಜೋಡುತುಂಡು ಕೊಟ್ಟು ಬೋಲ್ಟು ಹಾಕಿದರು. ನೂಲು ಕಟ್ಟಿದರು, ನೂಲಿಗಿಂತ ಹೊರಗಿದ್ದ ಪಕಾಸನ್ನು ಚೆಕ್ಕಿದರು, ಒಳಗಿದ್ದದ್ದಕ್ಕೆ ಚಕ್ಕೆ ಕೊಟ್ಟರು. ಇಡೀ ಒಂದು ದಿನ ಹಲಗೆಯನ್ನೇ ಮುಟ್ಟಲಿಲ್ಲ. ದಿನಗೂಲಿ ಕೊಡುವವನ ಹೊಟ್ಟೆಯೊಳಗೆ ಆಗುವ ಸಂಕಟ ನಿಮಗೆ ಗೊತ್ತಿಲ್ಲದ್ದಲ್ಲ. ಮರುದಿನ ಬಂದು, ‘ಮರ ಎಲ್ಲಿದೆ?’ ಎಂದರು. ಅಟ್ಟದ ಮೇಲಿದೆ ಎಂದೆ. ಹೆಬ್ಬಲಸು, 14 ಅಡಿಯ 3 ಹಲಗೆ, ಅಪ್ಪ ಕೊಯ್ಸಿ ಇಟ್ಟದ್ದು.

ಆಚಾರ್ರು ಮೊದಲನೆಯ ಹಲಗೆಯ ಮೇಲಿನ ಧೂಳು ಒರೆಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಹನ್ನೊಂದು ವರ್ಷದ ಹಿಂದೂ ಇದು ಇಲ್ಲೇ ಇತ್ತಾ?’

ದಾಖಲೆಗೋಸ್ಕರ ಕೆಲವು ವಿವರಗಳನ್ನು ಇಲ್ಲಿ ಕೊಡಬೇಕಾಗಿದೆ. ಇವು ಮುಖ್ಯವಲ್ಲ, ಓದುಗರು ವೇಗವಾಗಿ ಓದಿ ಮುಂದೆ ಹೋಗಬಹುದು. 2014ರ ಜೂನ್ ಮೊದಲ ವಾರ ನಮ್ಮ ಮನೆಯಲ್ಲಿ ಮಗಳ ನಿಶ್ಚಿತಾರ್ಥವಿತ್ತು. ಗಂಡಿನ ಕಡೆಯವರು ಬರುವಷ್ಟರಲ್ಲಿ ಸೂರು ಚೆಂದ ಕಾಣಬೇಕೆಂದು ಒಬ್ಬರು ಹಟ ಹಿಡಿದಿದ್ದರು. ಅಟ್ಟದ ಹೆಬ್ಬಲಸು ತೂಗುಮಂಚಕ್ಕೆಂದು ಎತ್ತಿಟ್ಟದ್ದು, ಅದನ್ನು ಮುಟ್ಟಕೂಡದು ಎಂದೂ ಆ ಒಬ್ಬರೇ ಹೇಳಿದ್ದರು. ತೂಗುಮಂಚ ಇವತ್ತಿನವರೆಗೂ ಆಗಿಲ್ಲ. ಮಿಲ್ಲಿಗೆ ಹೋಗಿ, 36ನ್ನು 12ರಿಂದ ಭಾಗಿಸಿದರೆ 3 ಎಂಬ ಗಣಿತಜ್ಞಾನದ ಬಲದಿಂದ ಸರಿಯಾಗಿ ಮೂರೇ ಮೂರು ಅಕೇಶಿಯಾ ಹಲಗೆ ತಂದವರೂ ಅವರೇ. ಓರೆ ಸಂದಿಗೆ ಒಂದರ ಮೇಲೊಂದು ಬರಲು ಉದ್ದ ಬೇಕು, ಪಕಾಸಿನ ಮೇಲೆ ಕೂರಿಸಲು ಕೊಯ್ದು ಕಳೆಯಲು ಉದ್ದ ಬೇಕು. ಮೂರು ಹಲಗೆಯಲ್ಲಿ ಸಂದು ಗಾಳಿಯಲ್ಲಲ್ಲದೆ ಇನ್ನೆಲ್ಲೂ ಬೀಳುವಂತಿರಲಿಲ್ಲ. ನೀವು, ‘ಹಸಿ ಉಂಟು, ಇನ್ನೊಂದು ಹಲಗೆ ಬೇಕಿತ್ತು’ ಎಂದಾಗ, ‘ಬಣ್ಣ ಬಳಿದರೆ ಯಾರಿಗೆ ಗೊತ್ತಾಗ್ತದೆ, ಹೊಡೀರಿ’ ಎಂದ ದನಿಯೂ ಜಗುಲಿಯ ಕಡೆಯಿಂದಲೇ ಬಂದಿತ್ತು. ಲೆಕ್ಕ ಚುಕ್ತಾ ಮಾಡುವಾಗ, ಸಂದು ಎದ್ದು ಕಾಣುತ್ತದೆ ಎಂಬ ಕಾರಣಕ್ಕೆ ನಿಮ್ಮ ಕೂಲಿಯಲ್ಲಿ 500 ರೂಪಾಯಿ ಮುರಿದುಕೊಳ್ಳಲಾಯಿತು. ನೀವು ಲಪ್ಪ ಮೆತ್ತಿದ್ದು ಅದಾದ ಮೇಲೆ. 500 ಮಾತ್ರ ವಾಪಸು ಹೋಗಲಿಲ್ಲ.

ಆ ವ್ಯಕ್ತಿ ಯಾರೆಂಬುದು ಈ ಪತ್ರದ ವ್ಯಾಪ್ತಿಗೆ ಬರುವುದಿಲ್ಲ.

ಹೊಸ ಹಲಗೆಯ ಬಗ್ಗೆ ನಿಮಗೆ ಕುತೂಹಲವಿರಬಹುದು. ಎರಡು ಮೈಗೂ, ತುದಿಗಳಿಗೆ ಎರಡೆರಡು ಸಲವೂ ಗೇರೆಣ್ಣೆ ಕುಡಿಸಿದರು. ಬಳಿದ ಹುಡುಗನ ಮೊಣಕೈ ಸುಟ್ಟು ಬೊಬ್ಬೆ ಬಂತು. ಅಡಿಯಂಚಿಗೆ ಒಳಮಗ್ಗುಲಲ್ಲಿ ಸಣ್ಣ ತೋಡು ಹೊಡೆದರು, ಹನಿ ಒಳಗೆ ಓಡುವ ಮೊದಲು ಅಲ್ಲೇ ತಡೆದು ಬೀಳಲೆಂದು. ಮೊಳೆಯಿಲ್ಲ, ಹಿತ್ತಾಳೆ ಸ್ಕ್ರೂ. ಮರ ಉಸಿರಾಡಲಿ ಎಂದು ಹಲಗೆಯ ತೂತು ಮಾತ್ರ ಒಂದೆಳೆ ದೊಡ್ಡದು. ನಮ್ಮಲ್ಲಿ ಮಳೆ ಹೊಡೆಯುವುದು ನೈಋತ್ಯದಿಂದ, ಹಾಗಾಗಿ ಸಂದಿನಲ್ಲಿ ಆ ಕಡೆಯ ಹಲಗೆಯ ನಾಲಗೆ ಮೇಲೆ, ಈ ಕಡೆಯದು ಅಡಿಗೆ. ಗಾಳಿ ನೀರನ್ನು ಸಂದಿನ ಮೇಲಿಂದ ಸವರಿಕೊಂಡು ಹೋಗುತ್ತದೆಯೇ ಹೊರತು ಒಳಗೆ ತುರುಕುವುದಿಲ್ಲ. ಪುಷ್ಯ ಮಳೆಯಲ್ಲಿ ಛತ್ರಿ ಹಿಡಿದು ಅಂಗಳದಲ್ಲಿ ನಿಂತು ಅರ್ಧ ಗಂಟೆ ನೋಡಿದೆ. ನೀರು ಇಳಿಯಬೇಕಾದಲ್ಲಿ ಇಳಿಯಿತು, ನೋಡಲು ಏನೂ ಇರಲಿಲ್ಲ. ‘ಹುಚ್ಚು ಹಿಡಿದಿದೆಯಾ’ ಎಂದು ಅಮ್ಮ ಒಳಗೆ ಕರೆದರು.

ಇನ್ನೊಂದು ವಿಷಯ. ಅಟ್ಟದಲ್ಲಿ ಆಚಾರ್ರು ಧೂಳು ಒರೆಸಿ ಸುಮ್ಮನಾದರು ಎಂದೆನಲ್ಲ, ಅಲ್ಲಿ ಹಲಗೆಯ ಮೇಲೆ ಒಂದು ಮೂಲೆಮಟ್ಟ ಇತ್ತು. ಮರದ ಹಿಡಿ, ಹಿಡಿಯ ಮೇಲೆ ನಿಮ್ಮ ಹೆಸರಿನ ಮೊದಲಕ್ಷರ. ಪಕ್ಕದಲ್ಲಿ ಹಲಗೆಯ ದಪ್ಪದ ಮೇಲೆ ಪೆನ್ಸಿಲಿನಲ್ಲಿ ಎಳೆದ ಒಂದು ಓರೆಗೀಟು, ಅದರ ಹತ್ತಿರ ‘8ನೇ ಪಕಾಸು’ ಎಂಬ ಬರಹ, ನೈಋತ್ಯದ ಕಡೆಗೆ ಒಂದು ಬಾಣದ ಗುರುತು. ನಾನು ಕೆಳಗಿನಿಂದ ಬೇಡವೆಂದು ಕೂಗುವ ಮೊದಲೇ ನೀವು ಮೇಲೆ ಹತ್ತಿ ಅಳೆದಾಗಿತ್ತು.

ಆಚಾರ್ರು ಹೊಸದಾಗಿ ಗೀಟು ಎಳೆಯಲಿಲ್ಲ. ನಿಮ್ಮದರ ಮೇಲೇ ಗರಗಸ ಇಟ್ಟರು.

ಮೂಲೆಮಟ್ಟ ಎಣ್ಣೆ ಒರೆಸಿ ಇಟ್ಟಿದ್ದೇನೆ, 500 ರೂಪಾಯಿಯೂ ಅದರ ಜೊತೆಗೇ ಇದೆ. ಶಿಕಾರಿಪುರವೋ ದುಬೈಯೋ, ಈ ಕಡೆ ಬಂದಾಗ ತಗೊಂಡು ಹೋಗಿ. ಮಳೆಗಾಲದಲ್ಲೇ ಬಂದರೆ ಒಳ್ಳೆಯದು.

ಇಂತಿ,
ಜಗುಲಿಯ ಮೇಲೆ ಕೂತವನು